ಮನೆ ನೋಡಿ ಹೆಡ್‌ಫೋನ್

ಬೆಳಿಗ್ಗೆ ಆರೂವರೆಗೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಎರಡು ಕಾಫಿ ಲೋಟ ಇರುತ್ತವೆ. ಈ ಕಡೆಯದು ನನ್ನದು, ಆ ಕಡೆಯದು ಪಕ್ಕದ ಮನೆ ರಾಯರದು. ಅವರ ಮನೆಯ ಪಾರಿಜಾತ ಎರಡು ಕಡೆಗೂ ಉದುರಿರುತ್ತದೆ. ನೀರು ಬಂತಾ, ಅವರೆ ಚಪ್ಪರಕ್ಕೆ ಹುಳ ಬಿದ್ದಿದೆ, ನಿನ್ನೆ ರೇಡಿಯೊದಲ್ಲಿ ಯಾರ ವೀಣೆ, ಹೀಗೆ ಮಾತು ಎಲ್ಲಿಂದಲೋ ಹುಟ್ಟಿ ಎಲ್ಲಿಗೋ ಹೋಗುತ್ತದೆ. ಹೋದ ತಿಂಗಳು ಮಾತ್ರ ಒಂದು ವಾರ ಪೂರ್ತಿ ಹೆಡ್‌ಫೋನ್ ಬಿಟ್ಟು ಬೇರೆ ಮಾತೇ ಬರಲಿಲ್ಲ.

ರಾಯರಿಗೆ ಈಗ ಎಪ್ಪತ್ತು. ಭೀಮರಥ ಶಾಂತಿಗೆ ಪಂಚೆ-ಶಲ್ಯದ ಜೊತೆ ಅಪ್ಪನಿಗೊಂದು ಒಳ್ಳೆಯ ಹೆಡ್‌ಫೋನ್ ಕೊಡಿಸಲೇಬೇಕು ಅಂತ ಪುಣೆಯಲ್ಲಿರುವ ಮಗಳ ಹಟ. ಅವಳು ಫೋನಿನಲ್ಲಿ ಹೇಳಿದ ಐದು ಹೆಸರನ್ನು ರಾಯರು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ದುಂಡಗೆ ಬರೆದುಕೊಂಡು ಬಂದಿದ್ದರು.

“ನೋಡಪ್ಪಾ, ನೀನು ಇಪ್ಪತ್ತು ವರ್ಷದಿಂದ ಇದನ್ನ ತಲೆ ಮೇಲೆ ಹೊತ್ತವನು. ಈ ಐದರಲ್ಲಿ ಯಾವುದು ಒಳ್ಳೇದು ಹೇಳಿಬಿಡು. ಮುಗೀತು.”

ನಾನು ಚೀಟಿಯನ್ನೂ ನೋಡಲಿಲ್ಲ, ದುಡ್ಡು ಎಷ್ಟು ಅಂತಲೂ ಕೇಳಲಿಲ್ಲ. “ಎಲ್ಲಿ ಕೂತು ಕೇಳ್ತೀರಿ ರಾಯರೇ?” ಅಂದೆ.

ಅವರಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಮನೆಯಲ್ಲಿ ಕೇಳುವ ಹೆಡ್‌ಫೋನ್ ಅಂದಮೇಲೆ ಮೊದಲ ಪ್ರಶ್ನೆ ಇದೇ. ಬಸ್ಸಿನಲ್ಲಿ, ವಿಮಾನದಲ್ಲಿ ಕೇಳುವವರಿಗೆ ಹೊರಗಿನ ಸದ್ದು ಶತ್ರು, ಅದನ್ನು ತಡೆಯುವುದೇ ಮುಖ್ಯ. ಮನೆಯ ಸದ್ದು ಹಾಗಲ್ಲ. ಅದರಲ್ಲಿ ನಮಗೆ ಬೇಡದ್ದೂ ಇರುತ್ತದೆ, ಬೇಕಾದದ್ದೂ ಇರುತ್ತದೆ. ಯಾವುದು ಎಷ್ಟು ಅನ್ನುವುದು ಆಯಾ ಮನೆಗೇ ಗೊತ್ತು.

ರಾಯರು ಹೇಳುತ್ತಾ ಹೋದರು. ಹಾಲಿನಲ್ಲಿ ಟಿವಿ, ಸಂಜೆ ಆರರಿಂದ ಅಲ್ಲಿ ಅಮ್ಮನ ಧಾರಾವಾಹಿಗಳು. (ರಾಯರ ಹೆಂಡತಿಯನ್ನು ನಮ್ಮ ಬೀದಿಯವರೆಲ್ಲ ಅಮ್ಮ ಅಂತಲೇ ಕರೆಯುವುದು.) ಮುಂದಿನ ರೂಮಿನಲ್ಲಿ ಸೊಸೆಯ ಆಫೀಸು, ಬಾಗಿಲು ಹಾಕಿಕೊಂಡು ದಿನವಿಡೀ ಮೀಟಿಂಗು. ಹಿಂದಿನ ರೂಮಿನಲ್ಲಿ ಮೊಮ್ಮಗಳ ಮಧ್ಯಾಹ್ನದ ನಿದ್ದೆ. ಧಾರವಾಡದಿಂದ ತಂದ ಎರಡು ಮರದ ಸ್ಪೀಕರುಗಳು ಹಳೆಯ ಸೀರೆ ಸುತ್ತಿಕೊಂಡು ಅಟ್ಟದ ಮೇಲಿವೆ. ರಾಯರಿಗೆ ಉಳಿದಿರುವುದು ಮುಂದಿನ ವರಾಂಡದ ಬೆತ್ತದ ಕುರ್ಚಿ ಮತ್ತು ಊಟವಾದ ಮೇಲಿನ ಎರಡು ಗಂಟೆ.

ಅವರು ಅಂಚೆ ಇಲಾಖೆಯಲ್ಲಿ ಇದ್ದವರು. ಎಂಬತ್ತರ ದಶಕ ಪೂರ್ತಿ ಧಾರವಾಡದಲ್ಲಿ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದ ಕಿವಿ ಅವರದು. ಆ ಕಿವಿಗೆ ಈಗ ಮೊಬೈಲಿನ ಕೆಳಗಿನ ಎರಡು ತೂತಿನಿಂದ ಬರುವ ಸದ್ದೇ ಗತಿಯಾಗಿತ್ತು. ನನಗೆ ಅದು ನಿಜವಾಗಿ ಸಂಕಟದ ವಿಷಯ.

ಸೊಸೆಯ ಮೀಟಿಂಗು, ಮಗುವಿನ ನಿದ್ದೆ, ಬೀದಿಯಲ್ಲಿ ಹಾಡಿಕೊಂಡು ಬರುವ ಕಸದ ಗಾಡಿ, ಧ್ವನಿವರ್ಧಕದ ಸೊಪ್ಪಿನ ಗಾಡಿ ಎಲ್ಲ ಲೆಕ್ಕ ಹಾಕಿ, “ನಿಮಗೆ ಕ್ಲೋಸ್ಡ್ ಬ್ಯಾಕೇ ಸರಿ” ಅಂದೆ. ಅದೇನು ಅಂತ ಅವರು ಕೇಳಿದರು. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು ಅಂತ ಒಳಗೆ ಹೋಗಿ ನನ್ನ ಎರಡು ಜೊತೆಯನ್ನೂ ತಂದು ಕಾಂಪೌಂಡಿನ ಮೇಲೆ, ಕಾಫಿ ಲೋಟಗಳಿಂದ ದೂರ ಇಟ್ಟೆ.

ಹೆಡ್‌ಫೋನಿನ ಒಳಗೆ ಕಿವಿಯ ಎದುರಿಗೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಅದು ಮುಂದಕ್ಕೂ ಹಿಂದಕ್ಕೂ ಅದುರುತ್ತದೆ. ಮುಂದಕ್ಕೆ ಹೊರಟ ಸದ್ದು ಕಿವಿಗೆ ಬರುತ್ತದೆ. ಹಿಂದಕ್ಕೆ ಹೊರಟದ್ದು ಏನಾಗಬೇಕು? ಕ್ಲೋಸ್ಡ್ ಬ್ಯಾಕಿನಲ್ಲಿ ಹಿಂದೆ ಗಟ್ಟಿ ಬಟ್ಟಲು. ಸದ್ದು ಅದರೊಳಗೇ ಉಳಿಯುತ್ತದೆ. ಒಳಗಿನದು ಹೊರಗೆ ಹೆಚ್ಚು ಸೋರುವುದಿಲ್ಲ, ಹೊರಗಿನದು ಒಳಗೆ ಅಷ್ಟಾಗಿ ಬರುವುದಿಲ್ಲ. ಓಪನ್ ಬ್ಯಾಕಿನಲ್ಲಿ ಬಟ್ಟಲಿನ ಜಾಗಕ್ಕೆ ಜಾಲರಿ. ಹಿಂದಿನ ಸದ್ದು ಗಾಳಿಗೆ ಹೋಗಿಬಿಡುತ್ತದೆ, ಒಳಗೆ ಬಡಿದು ವಾಪಸು ಬರುವುದಿಲ್ಲ. ಅದಕ್ಕೇ ಹಾಡು ಹಗುರವಾಗಿ, ಬಿಚ್ಚಿಕೊಂಡ ಹಾಗೆ ಕೇಳುತ್ತದೆ. ಹಾಡುವವರು ತಲೆಯೊಳಗೆ ಇಕ್ಕಟ್ಟಿನಲ್ಲಿ ಕೂತಂತೆ ಅನ್ನಿಸದೆ ಸ್ವಲ್ಪ ಆಚೆ ಕೂತಂತೆ ಅನ್ನಿಸುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಹಾಡು ಸಣ್ಣಗೆ ಕೇಳುತ್ತದೆ, ಅಡುಗೆಮನೆಯ ಕುಕ್ಕರು ನಿಮ್ಮ ಹಾಡಿನೊಳಗೆ ಕೂಗುತ್ತದೆ.

ರಾಯರು ಮೊದಲು ಕ್ಲೋಸ್ಡ್ ಬ್ಯಾಕ್ ಹಾಕಿಕೊಂಡರು. ಹಾಡು ಇನ್ನೂ ಹಚ್ಚಿರಲಿಲ್ಲ. “ಏ, ನನ್ನ ದನಿ ನನಗೇ ಗಡಿಗೆಯೊಳಗಿಂದ ಬಂದ ಹಾಗಿದೆಯಲ್ಲೋ!” ಅಂದರು. ಕಿವಿ ಮುಚ್ಚಿದರೆ ಯಾರಿಗೂ ಹಾಗೇ ಆಗುತ್ತದೆ. ಸ್ವಂತ ದನಿ, ಅಗಿಯುವ ಸದ್ದು, ಹೆಜ್ಜೆಯ ಸದ್ದು ಎಲ್ಲ ಒಳಗಿನಿಂದ ದಪ್ಪಗೆ ಕೇಳುತ್ತದೆ. ಆಮೇಲೆ ಅದನ್ನು ತೆಗೆದು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ತಲೆಯ ಮೇಲಿನ ಕಮಾನು, ಬಟ್ಟಲು, ಬಟ್ಟಲಿನ ಮೇಲಿನ ಡಿಟಿ ಅನ್ನುವ ಎರಡಕ್ಷರ.

“ಡಿಟಿ ಅಂದ್ರೆ?”

“ಡೈನಮಿಕ್ ಟೆಲಿಫೋನ್.”

ರಾಯರ ಮುಖ ಅರಳಿತು. ಅವರು ಕೆಲಸಕ್ಕೆ ಸೇರಿದಾಗ ಅಂಚೆಯೂ ದೂರವಾಣಿಯೂ ಒಂದೇ ಇಲಾಖೆ, ಬೇರೆಯಾದದ್ದು 1985ರಲ್ಲಿ. ಟ್ರಂಕ್ ಕಾಲಿನ ಕಾಲದಲ್ಲಿ ಎಕ್ಸ್‌ಚೇಂಜಿನಲ್ಲಿ ಹೆಣ್ಣುಮಕ್ಕಳು ಕಿವಿಗೆ ಇದನ್ನೇ ಸಿಕ್ಕಿಸಿಕೊಂಡು ಸಾಲಾಗಿ ಕೂತಿರುತ್ತಿದ್ದರು ಅಂತ ನೆನೆಸಿಕೊಂಡರು. ಅವರ ಮಾತು ಸರಿಯಾಗಿಯೇ ಇದೆ. ಹೆಡ್‌ಫೋನ್ ಹುಟ್ಟಿದ್ದು ಹಾಡಿಗಲ್ಲ, ದೂರವಾಣಿಗೆ ಮತ್ತು ನಿಸ್ತಂತುವಿಗೆ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅನ್ನುವವರು ಮನೆಯ ಅಡುಗೆಮನೆಯಲ್ಲೇ ಕೂತು ಕೈಯಾರೆ ಜೋಡಿಸಿದ್ದನ್ನು 1910ರಲ್ಲಿ ಅಲ್ಲಿನ ನೌಕಾಪಡೆ ನಿಸ್ತಂತು ಕೆಲಸಕ್ಕೆ ಕೊಂಡಿತು. ಜರ್ಮನಿಯ ಬೇಯರ್ ಕಂಪನಿ 1937ರಲ್ಲಿ ಡಿಟಿ 48 ತಂದಿತು. ಆ ಎರಡಕ್ಷರ ಇವತ್ತಿಗೂ ಅವರ ಮಾಲಿನ ಮೇಲಿದೆ. ಹಾಡಿಗಾಗಿಯೇ, ಎರಡು ಕಿವಿಗೆ ಬೇರೆ ಬೇರೆ ಸದ್ದು ಕೊಡುವ ಸ್ಟೀರಿಯೊ ಹೆಡ್‌ಫೋನನ್ನು ಮಿಲ್‌ವಾಕಿಯ ಜಾನ್ ಕಾಸ್ ತಂದದ್ದು 1958ರಲ್ಲಿ. ಬೆನ್ನು ತೆರೆದ ಮೊದಲ ಹೆಡ್‌ಫೋನ್ ಬಂದದ್ದು ಇನ್ನೂ ಹತ್ತು ವರ್ಷ ಬಿಟ್ಟು, 1968ರಲ್ಲಿ: ಸೆನ್‌ಹೈಸರ್ ಕಂಪನಿಯ ಎಚ್‌ಡಿ 414. ಹಳದಿ ಸ್ಪಂಜಿನ ದಿಂಬು, ಕೈಯಲ್ಲಿ ಹಿಡಿದರೆ ಆಟದ ಸಾಮಾನಿನ ಹಾಗೆ ಹಗುರ. ಅದುವರೆಗೆ ಹೆಡ್‌ಫೋನ್ ಅಂದರೆ ಕಿವಿಯನ್ನು ಮುಚ್ಚುವ ಸಾಮಾನು ಅಂತಲೇ ಜನ ತಿಳಿದಿದ್ದರು.

ಮಾತು ಎಲ್ಲಿಗೋ ಹೋಯಿತು. ಆ ದಿನ ರಾಯರು ಕ್ಲೋಸ್ಡ್ ಬ್ಯಾಕನ್ನು ಮನೆಗೆ ಒಯ್ದರು. ಎರಡು ದಿನ ಇಟ್ಟುಕೊಂಡು ಕೇಳಿ ಅಂದೆ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡು ನೋಡಿದರೆ ತಿಳಿಯುವುದು ಬಹಳ ಕಡಿಮೆ. ಚಪ್ಪಲಿಯ ಹಾಗೆ ಇದೂ. ಕಚ್ಚುತ್ತದೋ ಇಲ್ಲವೋ ಅನ್ನುವುದು ನಡೆದ ಮೇಲೇ ಗೊತ್ತಾಗುವುದು.

ಮಾರನೆಯ ಬೆಳಿಗ್ಗೆ ಬಂದಾಗ ಎರಡು ಕಿವಿಯ ಮೇಲೂ ಕನ್ನಡಕದ ಕಡ್ಡಿ ಒತ್ತಿದ ಕೆಂಪು ಗೆರೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಕನ್ನಡಕ ಹಾಕುವವರಿಗೆ ಹೆಡ್‌ಫೋನಿನ ಬಿಗಿ ಬಹಳ ದೊಡ್ಡ ಮಾತು. ದಿಂಬು ಕಡ್ಡಿಯನ್ನು ತಲೆಗೆ ಒತ್ತುತ್ತದೆ. ಒಂದು ಗಂಟೆಯ ಹೊತ್ತಿಗೆ ನೋವು. ಜೊತೆಗೆ ಕಡ್ಡಿ ಇರುವ ಕಡೆ ದಿಂಬು ಚರ್ಮಕ್ಕೆ ಪೂರ್ತಿ ಕೂರದೆ ಸಣ್ಣ ಸಂದಿ ಉಳಿಯುತ್ತದೆ, ಕ್ಲೋಸ್ಡ್ ಬ್ಯಾಕಿನಲ್ಲಿ ಆ ಸಂದಿಯಿಂದ ಕೆಳಸ್ವರ ಸೋರಿಹೋಗುತ್ತದೆ. ಮೃದಂಗದ ಎಡಗೈ ಸಪ್ಪೆಯಾಗುತ್ತದೆ. ಹೆಡ್‌ಫೋನ್ ಸರಿಯಿಲ್ಲ ಅಂದುಕೊಳ್ಳುತ್ತೇವೆ, ಆದರೆ ಅಡ್ಡ ಬಂದಿರುವುದು ಕನ್ನಡಕ. ತುರುಬು ಕಟ್ಟುವ ಹೆಂಗಸರಿಗೂ ಹೀಗೇ ಒಂದು ತೊಡಕಿದೆ: ಮೇಲಿನ ಪಟ್ಟಿ ಹಿಂದಕ್ಕೆ ಜಾರಿ ಕೂರುವ ಜಾಗ ಸಿಗುವುದಿಲ್ಲ.

ತೂಕವನ್ನೂ ನೋಡಬೇಕು. ಕಾಲು ಕೇಜಿ ಅಂದರೆ ಕೈಗೆ ಏನೂ ಅಲ್ಲ. ಒಂದು ಖ್ಯಾಲು ಮುಗಿಯುವಷ್ಟು ಹೊತ್ತು ನೆತ್ತಿಯ ಮೇಲಿದ್ದರೆ ಗೊತ್ತಾಗುತ್ತದೆ. ಪೆಟ್ಟಿಗೆಯ ಮೇಲೆ ಬೇರೆ ಯಾವುದನ್ನು ಓದದಿದ್ದರೂ ಗ್ರಾಮು ಎಷ್ಟು ಅನ್ನುವುದನ್ನು ಓದಿ ಅಂತ ಎಲ್ಲರಿಗೂ ಹೇಳುತ್ತೇನೆ. 20ರಿಂದ 20,000 ಹರ್ಟ್ಸ್ ಅಂತ ಎಷ್ಟೋ ಪೆಟ್ಟಿಗೆಗಳ ಮೇಲೆ ಇರುತ್ತದೆ. ಅದರಿಂದ ಒಂದನ್ನೊಂದು ಬೇರೆ ಮಾಡಿ ನೋಡಲು ಬರುವುದಿಲ್ಲ. ಪಿಯಾನೊದ ಕೊನೆಯ ಮನೆ ಒತ್ತಿದರೂ ಮೂಲಸ್ವರ 4,200 ಹರ್ಟ್ಸ್ ಮುಟ್ಟುವುದಿಲ್ಲ. ಅದರ ಮೇಲಿರುವುದು ಆ ಸ್ವರದ ನೆರಳುಗಳು, ಸ, ಶ ಅಕ್ಷರಗಳ ಸೀಟಿ, ತಾಳದ ಬಿಲ್ಲೆಯ ಹೊಳಪು. ಅದರಲ್ಲೂ ತೀರ ಮೇಲಿನದು ವಯಸ್ಸಾದಂತೆ ನಮ್ಮೆಲ್ಲರ ಕಿವಿಯಿಂದ ಮೆಲ್ಲಗೆ ಮರೆಯಾಗುತ್ತದೆ. ಹಾಗಾಗಿ ಮೊಮ್ಮಗಳ ಕಿವಿಗೆ ಚುಚ್ಚುವ ಹೆಡ್‌ಫೋನ್ ತಾತನಿಗೆ ಹಿತವಾಗಬಹುದು. ಪುಣೆಯಲ್ಲಿ ಮಗಳು ಕೇಳಿ ಚೆನ್ನಾಗಿದೆ ಅಂದದ್ದು ಮೈಸೂರಿನಲ್ಲಿ ಅಪ್ಪನಿಗೆ ಚೆನ್ನಾಗಿ ಕೇಳುತ್ತದೆ ಅನ್ನಲು ಆಗುವುದಿಲ್ಲ.

ದಿಂಬಿನ ಮಾತು ಬಂದಾಗ ನನ್ನದೊಂದು ನೋವನ್ನೂ ಹೇಳಿಕೊಂಡೆ. ನನ್ನ ಮೊದಲ ಜೊತೆ ರೆಕ್ಸಿನ್ ದಿಂಬಿನದು. ಆಗ ನಾನು ಮಂಗಳೂರಿನಲ್ಲಿದ್ದೆ. ಎರಡನೆಯ ಮಳೆಗಾಲಕ್ಕೆ ರೆಕ್ಸಿನ್ ಸುಲಿಯಲು ಶುರುವಾಯಿತು. ಹಾಡು ಕೇಳಿ ಎದ್ದರೆ ಕೆನ್ನೆಯ ಮೇಲೆ, ಕಾಲರಿನ ಮೇಲೆ ಕರಿ ಹುಡಿ. ಬೇರೆ ದಿಂಬು ಹಾಕಿಸೋಣ ಅಂದರೆ ಆ ಕಂಪನಿ ಬಿಡಿಭಾಗ ಮಾರುತ್ತಲೇ ಇರಲಿಲ್ಲ. ಸದ್ದು ಚೆನ್ನಾಗಿಯೇ ಇತ್ತು, ವೈರು ಗಟ್ಟಿಯಾಗಿತ್ತು, ಬರೀ ಎರಡು ದಿಂಬಿಗಾಗಿ ಪೂರ್ತಿ ಸಾಮಾನನ್ನು ಎಸೆಯಬೇಕಾಯಿತು. ಆ ಬೇಸರ ಇನ್ನೂ ಹೋಗಿಲ್ಲ. ಅಲ್ಲಿಂದ ಮುಂದೆ, ದಿಂಬು ಬಿಡಿಯಾಗಿ ಸಿಗದ ಹೆಡ್‌ಫೋನನ್ನು ನಾನು ಮುಟ್ಟಿಲ್ಲ. ಸೆನ್‌ಹೈಸರಿನ ಎಚ್‌ಡಿ 600 ಬಂದದ್ದು 1997ರಲ್ಲಿ. ಅದರ ದಿಂಬು, ವೈರು, ನೆತ್ತಿಯ ಪಟ್ಟಿ ಎಲ್ಲವನ್ನೂ ಬಿಚ್ಚಿ ಬದಲಾಯಿಸಬಹುದು. ಆಗ ಕೊಂಡವರು ಇವತ್ತೂ ಅದರಲ್ಲೇ ಕೇಳುತ್ತಿದ್ದಾರೆ. ಕರಾವಳಿಯವರು, ಬೆವರುವವರು ಮಕಮಲ್ಲಿನಂಥ ಬಟ್ಟೆಯ ದಿಂಬನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಚೀಟಿಯಲ್ಲಿದ್ದ ಐದರಲ್ಲಿ ನಾಲ್ಕು ಬ್ಲೂಟೂತ್. ಓಡಾಡುವವರಿಗೆ ಅದು ಅನುಕೂಲ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆತ್ತದ ಕುರ್ಚಿಯಲ್ಲಿ ಕೂತು ಕೇಳುವವರಿಗೆ ವೈರಿನಿಂದ ತೊಂದರೆ ಏನು? ಬ್ಲೂಟೂತಿನ ಬ್ಯಾಟರಿ ನಾಲ್ಕಾರು ವರ್ಷಕ್ಕೆ ಸೊರಗುತ್ತದೆ, ಎಷ್ಟೋ ಮಾದರಿಗಳಲ್ಲಿ ಅದನ್ನು ಬದಲಾಯಿಸುವುದೇ ಕಷ್ಟ. ಅದೇ ದುಡ್ಡನ್ನು ವೈರಿನದಕ್ಕೆ ಹಾಕಿದರೆ ಅಷ್ಟೂ ಸದ್ದಿಗೇ ಹೋಗುತ್ತದೆ.

ಈಗ ಮುಖ್ಯವಾದ ಮಾತು. ಯಾವ ಹಾಡು ಹಚ್ಚಿ ಪರೀಕ್ಷೆ ಮಾಡುವುದು? ಅಂಗಡಿಯವರು ಹಚ್ಚುವುದು ಎದೆ ನಡುಗಿಸುವ ಬೇಸಿನ ಹಾಡು. ಅದು ಯಾವ ಹೆಡ್‌ಫೋನಿನಲ್ಲೂ ಮೊದಲ ನಿಮಿಷಕ್ಕೆ ಬೆರಗು ಹುಟ್ಟಿಸುತ್ತದೆ. ನಿಮ್ಮದೇ ಹಾಡನ್ನು ಒಯ್ಯಿರಿ, ನೂರು ಸಲ ಕೇಳಿ ಯಾವ ಉಸಿರು ಎಲ್ಲಿದೆ ಅಂತ ಗೊತ್ತಿರುವ ಹಾಡನ್ನು. ನಾನಂತೂ ಹಾಡು ಶುರುವಾಗುವುದಕ್ಕೆ ಮುಂಚಿನ ಅರ್ಧ ನಿಮಿಷವನ್ನೇ ಕೇಳುತ್ತೇನೆ, ಬರೀ ತಂಬೂರಿ.

ತಂಬೂರಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೂ ಒಂದು ಎಳೆ ದಾರ. ಅದನ್ನು ಕೂದಲೆಳೆಯಷ್ಟು ಆಚೆಗೆ ಈಚೆಗೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಮಂಕಾಗಿದ್ದ ತಂತಿಗೆ ಜೀವ ಬರುತ್ತದೆ, ಜೇಂಕಾರ ಏಳುತ್ತದೆ. ಜವಾರಿ ಕೂತಿತು ಅನ್ನುತ್ತಾರೆ. ಆ ಜೇಂಕಾರದಲ್ಲಿ ಇರುವುದು ಒಂದು ಸ್ವರವಲ್ಲ. ಮೂಲ ಷಡ್ಜದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಉಪಸ್ವರಗಳು. ಮೂಲಸ್ವರವನ್ನೇ ಮೊದಲನೆಯದು ಅಂತ ಎಣಿಸಿದರೆ ಐದನೆಯದು ಗಾಂಧಾರ. ಯಾರೂ ಮೀಟದ, ಯಾವ ತಂತಿಗೂ ಕಟ್ಟದ ಗಾಂಧಾರ ತಾನಾಗಿ ಹುಟ್ಟಿ ತೇಲುತ್ತದೆ. ಹಿರಿಯರು ಅದನ್ನು ಸ್ವಯಂಭು ಗಾಂಧಾರ ಅಂದರು. ಕೆಳಸ್ವರವನ್ನು ಉಬ್ಬಿಸುವ ಹೆಡ್‌ಫೋನಿನಲ್ಲಿ ಆ ಗಾಂಧಾರ ಮುಚ್ಚಿಹೋಗುತ್ತದೆ. ಬರೀ ಗುಂಯ್ ಅನ್ನುವ ದಪ್ಪ ಸದ್ದು ಉಳಿಯುತ್ತದೆ. ಮೇಲುಸ್ವರವನ್ನು ಎತ್ತಿ ಹಿಡಿದದ್ದರಲ್ಲಿ ಜೇಂಕಾರ ತಗಡಿನ ಹಾಗೆ ಕಿರುಗುಟ್ಟುತ್ತದೆ. ನಾಲ್ಕು ತಂತಿ ನಾಲ್ಕಾಗಿ ಕೇಳಬೇಕು, ಅವುಗಳ ಮೇಲೆ ಆ ಐದನೆಯದು ತೇಲಬೇಕು. ಇಷ್ಟು ಬಂದರೆ ನಾನು ಮುಂದಿನ ಪರೀಕ್ಷೆಗೆ ಹೋಗುತ್ತೇನೆ.

ಮುಂದಿನದು ಮೃದಂಗದ ಎಡ. ರವೆಯ ಕಣಕ ಹಚ್ಚಿದ ಆ ಬದಿಯಿಂದ ಬರುವ ಗುಮ್ಕಿ ದುಂಡಗೆ ಎದ್ದು ಬಾಗಿ ನಿಲ್ಲಬೇಕು; ಪಕ್ಕದ ಸಾಹಿತ್ಯದ ಮೇಲೆ ಚೆಲ್ಲಬಾರದು. ಆಮೇಲೆ ವೀಣೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಮೊದಲ ಸಲ ಕೇಳಿದ ರಾತ್ರಿ ನನಗಿನ್ನೂ ನೆನಪಿದೆ. ಮೀಟು ಒಂದೇ. ಅದು ಸವೆಯುತ್ತಾ ಹೋಗುವಾಗ ಎಡಗೈ ತಂತಿಯನ್ನು ಎಳೆದು ಎರಡು ಮೂರು ಸ್ವರ ಹುಟ್ಟಿಸುತ್ತದೆ. ಕೊನೆಯ ಸ್ವರ ಸದ್ದೋ ಮೌನವೋ ಅನ್ನುವಷ್ಟು ಸಣ್ಣದು. ಮೊಬೈಲಿನ ಸ್ಪೀಕರಿನಲ್ಲಿ ಆ ಕೊನೆಯದು ಇರುವುದೇ ಇಲ್ಲ. ಇಷ್ಟು ವರ್ಷ ಕೇಳಿದ್ದೇನೆ ಅಂದುಕೊಂಡಿದ್ದ ರಾಗದ ಅಂಚುಗಳು ಅಂದು ಮೊದಲ ಸಲ ಕೇಳಿಸಿದವು. ಬೆರಳು ಮೆಟ್ಟಿನ ಮೇಲೆ ಜಾರುವ ಸವರಿಕೆಯೂ ಕೇಳಿಸಿತು. ನಾನು ದೀಪ ಆರಿಸಿ ಇನ್ನೊಂದು ಸಲ ಹಚ್ಚಿದೆ.

ಸಿನಿಮಾ ಹಾಡು ಬೇಡವೇ ಅಂತ ಕೇಳುವವರಿಗೆ: ಖಂಡಿತ ಬೇಕು. ಇಳಯರಾಜ ಅವರ ‘ಪಲ್ಲವಿ ಅನುಪಲ್ಲವಿ’ಯ ಹಾಡು ಹಚ್ಚಿ, ಹಾಡುವವರನ್ನು ಬಿಟ್ಟು ಬೇಸ್ ಗಿಟಾರಿನ ಹಿಂದೆ ಹೋಗಿ. ಅದು ಕೆಳಗೆ ಬೇರೆಯದೇ ಒಂದು ಹಾಡು ಹಾಡಿಕೊಂಡಿರುತ್ತದೆ. ಅದರ ಒಂದೊಂದು ಸ್ವರವನ್ನೂ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಲು ಆದರೆ ಆ ಹೆಡ್‌ಫೋನಿನ ಬೇಸು ನಿಜವಾದದ್ದು.

ಒಂದು ಎಚ್ಚರ. ಎರಡನ್ನು ಹೋಲಿಸುವಾಗ ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. ಸ್ವಲ್ಪ ಜೋರಾಗಿರುವುದೇ ಮನಸ್ಸಿಗೆ ಚೆನ್ನಾಗಿರುವ ಹಾಗೆ ಅನ್ನಿಸುತ್ತದೆ. ಮನುಷ್ಯರ ಕಿವಿ ಇರುವುದೇ ಹಾಗೆ. ಇನ್ನೊಂದು ಮಾತನ್ನು ರಾಯರಿಗೆ ಮೊದಲೇ ಹೇಳಿಟ್ಟೆ. ಮನ್ಸೂರರ 78 ಸುತ್ತಿನ ಹಳೆಯ ತಟ್ಟೆಗಳ ಹಾಡು ಮೋನೊ. ಎರಡು ಕಿವಿಗೂ ಒಂದೇ ಸದ್ದು ಹೋಗುವುದರಿಂದ ಹಾಡು ತಲೆಯ ನಟ್ಟನಡುವೆ ಬಂದು ನಿಲ್ಲುತ್ತದೆ. ಹೆಡ್‌ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸೂಜಿಯ ಚರಚರ ಸದ್ದು ಮೊದಲಿಗಿಂತ ಹೆಚ್ಚು ಕೇಳುತ್ತದೆ. ಮೂರು ನಿಮಿಷದ ಆ ತಟ್ಟೆಯಲ್ಲಿ ಅವರು ಎಲ್ಲಿ ಉಸಿರು ತೆಗೆದುಕೊಂಡರು ಅನ್ನುವುದೂ ಕೇಳುತ್ತದೆ.

ಮೂರನೆಯ ದಿನ ರಾಯರು ಹೆಡ್‌ಫೋನನ್ನು ವಾಪಸು ತಂದು ಕಾಂಪೌಂಡಿನ ಮೇಲಿಟ್ಟರು. ವೈರನ್ನು ಸರಿಯಾಗಿ ಸುತ್ತಿದ್ದರು.

“ಹಾಡು ಬಹಳ ಚೆನ್ನಾಗಿದೆ ಕಣಪ್ಪಾ. ಆದರೆ ನನಗೆ ಬೇಡ.”

ಕನ್ನಡಕದ ನೋವೇನೋ ಅಂದುಕೊಂಡೆ. ಅವರು ತಲೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತು ಪಾರಿಜಾತವನ್ನು ಲೋಟದ ಹತ್ತಿರದಿಂದ ಒಂದೊಂದಾಗಿ ಆಚೆಗೆ ಸರಿಸಿದರು. ಆಮೇಲೆ ಹೇಳಿದರು. ಹೋದ ವರ್ಷ ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ನಮಗೆಲ್ಲ ಗೊತ್ತಿತ್ತು. ಆ ಹೊತ್ತಿನಲ್ಲಿ ರಾಯರು ವರಾಂಡದಲ್ಲೇ ಇದ್ದರು ಅನ್ನುವುದು ಗೊತ್ತಿರಲಿಲ್ಲ. ಮಗನ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದರು. ಸೊಸೆ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿ. ಅಮ್ಮ ಕಾಲು ಗಂಟೆ ಕೂಗಿದ್ದಾರೆ.

“ಅವತ್ತಿಂದ ನಾನು ಕಿವಿಗೆ ಏನೂ ಹಾಕ್ಕೊಂಡಿಲ್ಲ. ಮೊನ್ನೆ ಇದನ್ನ ಹಾಕ್ಕೊಂಡೆ. ಮನ್ಸೂರರು ಶುರು ಮಾಡಿದ್ರು. ಒಂದು ನಿಮಿಷ ಆಗಿಲ್ಲ, ಎದ್ದು ಹೋಗಿ ಹಿತ್ತಲು ನೋಡ್ಕೊಂಡು ಬಂದೆ. ಮತ್ತೆ ಕೂತೆ, ಮತ್ತೆ ಎದ್ದೆ. ಹೀಗೆ ಕೇಳಿದ್ರೆ ಹಾಡು ಕೇಳಿದ ಹಾಗಾ?”

ಮಗಳಿಗೆ ಇದನ್ನು ಹೇಗೆ ಹೇಳುವುದು ಅಂತ ತೋಚದೆ ಚೀಟಿ ಹಿಡಿದು ನನ್ನ ಹತ್ತಿರ ಬಂದಿದ್ದರು. ಎಲ್ಲಿ ಕೂತು ಕೇಳುತ್ತೀರಿ ಅಂತ ಕೇಳಿದವನು ನಾನು, ಆದರೆ ಕೇಳಬೇಕಾದ್ದನ್ನು ಪೂರ್ತಿ ಕೇಳಿರಲಿಲ್ಲ. ಆ ಮನೆಯಲ್ಲಿ ಯಾವ ಸದ್ದು ಬೇಡ ಅಂತ ಮಾತ್ರ ಲೆಕ್ಕ ಹಾಕಿದ್ದೆ. ಯಾವ ಸದ್ದು ತಪ್ಪದೆ ಕೇಳಲೇಬೇಕು ಅನ್ನುವುದು ಬಿಟ್ಟುಹೋಗಿತ್ತು.

ಒಳಗಿನಿಂದ ಓಪನ್ ಬ್ಯಾಕ್ ತಂದು ಅವರಿಗೆ ಹಾಕಿದೆ. ಇದು ಸೆನ್‌ಹೈಸರಿನ ಎಚ್‌ಡಿ 560ಎಸ್. 240 ಗ್ರಾಮು, ಬಟ್ಟೆಯ ದಿಂಬು, ಕನ್ನಡಕದ ಮೇಲೆ ಒತ್ತಡ ಕಡಿಮೆ. ಮನ್ಸೂರರನ್ನು ಹಚ್ಚಿ, ನಾನು ಕಾಂಪೌಂಡಿನಿಂದ ಎಂಟು ಹತ್ತು ಹೆಜ್ಜೆ ದೂರ ಹೋಗಿ, ಎಂದಿನ ದನಿಯಲ್ಲೇ “ರಾಯರೇ, ಕಾಫಿ ಆರಿತು” ಅಂದೆ. ಅವರು ಕಣ್ಣು ಮುಚ್ಚಿಕೊಂಡಿದ್ದವರು ಹಾಗೇ ಕೈ ಚಾಚಿ ಲೋಟ ತೆಗೆದುಕೊಂಡರು. ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. “ಕೇಳ್ತಲ್ಲೋ! ಹಾಡೂ ನಿಲ್ಲಲಿಲ್ಲ!” ಅಂದರು.

ಹಾಗಾದರೆ ಸೊಸೆಯ ಮೀಟಿಂಗು? ಸೋರುವ ಸದ್ದು ಒಂದೆರಡು ಮಾರು ದಾಟುವುದರೊಳಗೆ ಕರಗಿಹೋಗುತ್ತದೆ. ಮುಚ್ಚಿದ ಬಾಗಿಲಿನ ಆಚೆಗೆ ಏನೂ ಕೇಳುವುದಿಲ್ಲ. ಮಗು ಮಲಗಿರುವ ಅದೇ ರೂಮಿನಲ್ಲಿ ಕೂತು ಕೇಳುವುದಾದರೆ ಓಪನ್ ಬ್ಯಾಕ್ ಬೇಡ ಅನ್ನುತ್ತಿದ್ದೆ. ವರಾಂಡಕ್ಕೆ ತೊಂದರೆಯಿಲ್ಲ. ಕಸದ ಗಾಡಿ ಬಂದಾಗ ಮಾತ್ರ ಹಾಡನ್ನು ಜೋರು ಮಾಡುವ ಆಸೆ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ದೊಡ್ಡವರಿಗೆ 80 ಡೆಸಿಬೆಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಮುಟ್ಟಿದರೆ ವಾರಕ್ಕೆ ನಾಲ್ಕೇ ಗಂಟೆ. ಗಾಡಿ ದಾಟಿ ಹೋಗುವವರೆಗೆ ಹಾಡು ನಿಲ್ಲಿಸಿ, ಓಡಿಹೋಗುವುದಿಲ್ಲ ಅಂತ ರಾಯರಿಗೆ ಹೇಳಿದೆ.

ಉಳಿದದ್ದು ಓಮಿನ ಮಾತು. ಬೇಗ ಮುಗಿಸುತ್ತೇನೆ. ಓಮ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಹೆಚ್ಚಿದ್ದಷ್ಟೂ ಹೆಡ್‌ಫೋನನ್ನು ನಡೆಸಲು ಹೆಚ್ಚು ವೋಲ್ಟೇಜ್ ಬೇಕು. 32 ಓಮಿನದನ್ನು ಸಾಮಾನ್ಯವಾಗಿ ಮೊಬೈಲೇ ನಡೆಸುತ್ತದೆ. ಎಚ್‌ಡಿ 600ರಂಥ 300 ಓಮಿನದಕ್ಕೆ ಬೇರೆ ಆಂಪ್ಲಿಫೈಯರ್ ಇದ್ದರೇ ಒಳ್ಳೆಯದು, ಇಲ್ಲದಿದ್ದರೆ ಹಾಡು ಬಸವಳಿದ ಹಾಗೆ ಕೇಳುತ್ತದೆ. ಓಮಿನ ಜೊತೆ ಸಂವೇದನೆಯ ಡೆಸಿಬೆಲ್ಲನ್ನೂ ನೋಡಬೇಕು: 560ಎಸ್ 120 ಓಮಿನದಾದರೂ ಅದರ ಸಂವೇದನೆ ಚೆನ್ನಾಗಿರುವುದರಿಂದ ರಾಯರು ಕೇಳುವ ಮಟ್ಟಕ್ಕೆ ಮೊಬೈಲಿಗೆ ಸಿಕ್ಕಿಸುವ ಸಣ್ಣ ಡಾಂಗಲ್ ಸಾಕಾಯಿತು. ಕೆಲವು ಮಾದರಿಗಳು ಒಂದೇ ಹೆಸರಿನಲ್ಲಿ ಬೇರೆ ಬೇರೆ ಓಮಿನಲ್ಲಿ ಬರುತ್ತವೆ. ನನ್ನ ಡಿಟಿ 770 ಪ್ರೊ 32, 80, 250 ಓಮುಗಳಲ್ಲಿ ಸಿಗುತ್ತದೆ. ಪೆಟ್ಟಿಗೆ ಒಂದೇ ಥರ. ಅವಸರದಲ್ಲಿ 250ರದ್ದು ತಂದು ಮೊಬೈಲಿಗೆ ಚುಚ್ಚಿ ಸದ್ದೇ ಸಾಲದು ಅಂತ ಕೊರಗಿದವರನ್ನು ಬಲ್ಲೆ. ಚುಚ್ಚುವ ತೂತೂ ಈಗ ಅನೇಕ ಮೊಬೈಲುಗಳಲ್ಲಿ ಇಲ್ಲ. ಡಾಂಗಲ್ ಅಂದರೆ ಬೆರಳುದ್ದದ ವೈರಿನ ತುಂಡು, ಒಂದು ಕಡೆ ಚಾರ್ಜರಿನ ಪಿನ್ನು, ಇನ್ನೊಂದು ಕಡೆ 3.5 ಮಿಲಿಮೀಟರಿನ ತೂತು. ಅಂಕಿಯನ್ನು ಸದ್ದಾಗಿ ಮಾಡುವ ಪುಟ್ಟ ಚಿಪ್ಪು ಅದರೊಳಗೇ ಇರುತ್ತದೆ. 560ಎಸ್‌ನ ವೈರಿನ ಕೊನೆಗೆ ಇರುವುದು 6.35ರ ದಪ್ಪ ಪಿನ್ನು. ಸಣ್ಣದಕ್ಕೆ ಹೊಂದಿಸುವ ತುಂಡು ಪೆಟ್ಟಿಗೆಯಲ್ಲೇ ಬರುತ್ತದೆ, ಕಸದ ಜೊತೆ ಎಸೆಯದಿದ್ದರೆ ಸಾಕು.

ಮಗಳಿಗೆ ಫೋನು ಮಾಡಿದ್ದು ರಾಯರಲ್ಲ, ಅಮ್ಮ. ಕಾಂಪೌಂಡಿನ ಹತ್ತಿರ ನಿಂತು, “ಹಿಂದೆ ಜಾಲರಿ ಇರೋದೇ ಕಳಿಸಬೇಕಂತೆ ಕಣೇ, ಮುಚ್ಚಿರೋದು ಬೇಡ” ಅಂತ ಎರಡು ಸಲ ಹೇಳಿದರು. ಶಾಂತಿಗೆ ನಾಲ್ಕು ದಿನ ಮುಂಚೆ ಪಾರ್ಸೆಲ್ ಬಂತು.

ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ನಾನು ನಮ್ಮ ಕಡೆ ಗಿಡಕ್ಕೆ ನೀರು ಬಿಡುತ್ತಿದ್ದೆ. ರಾಯರು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ತಲೆಯ ಮೇಲೆ ಹೆಡ್‌ಫೋನು, ಮೂಗಿನ ಮೇಲೆ ಕನ್ನಡಕ ಇತ್ತು. ಬಲಗೈ ತೊಡೆಯ ಮೇಲೆ ತೀನ್‌ತಾಲದ ಮಾತ್ರೆ ಎಣಿಸುತ್ತಿತ್ತು. ಹಿತ್ತಲಿನಿಂದ ಅಮ್ಮನ ದನಿ ಬಂತು, ಜೋರಾಗಿಯೂ ಅಲ್ಲ: “ರೀ.”

“ಹಾಂ, ಹೇಳು” ಅಂದರು ರಾಯರು. ಕೈ ಖಾಲಿಯಲ್ಲಿ ಬೀಸಿ, ತಾಳ ತಪ್ಪದೆ ಸಮ್ಮಿಗೆ ಬಂತು.